ಹೊಸ್ತಿಲ ಮೇಲಿಟ್ಟ ಚೊಂಬು

ಕಗ್ಗದಾಸಪುರದ ಕಲ್ಲುಗಣಿಯಲ್ಲಿ ಮದ್ದು ಇಡುವವರ ಪೈಕಿ ನನ್ನಷ್ಟು ಎಚ್ಚರದವನು ಇನ್ನೊಬ್ಬನಿಲ್ಲ ಎಂಬ ಜಂಬ ನನಗಿತ್ತು. ಹತ್ತಿರದ ಮನೆಯ ಹೊಸ್ತಿಲ ಮೇಲೆ ಅಂಚಿನವರೆಗೆ ನೀರು ತುಂಬಿದ ಚೊಂಬು ಇಡುವುದು, ಬಂಡೆ ಸಿಡಿಸುವುದು, ನೀರು ತುಳುಕಿದ್ದರೆ ಮರುದಿನ ಮದ್ದು ಕಡಿಮೆ ಮಾಡುವುದು. ಇಷ್ಟೇ ನನ್ನ ವಿದ್ಯೆ. ಆ ಹತ್ತಿರದ ಮನೆ ನನ್ನದೇ.

ನಲವತ್ತೆರಡನೇ ಇಸವಿ, ಯುದ್ಧದ ಕಾಲ. ವಿಮಾನ ಇಳಿಯುವ ದಾರಿಗೆ ಜಲ್ಲಿ ಸಾಲದೆಂದು ಮಿಲಿಟರಿ ಸಾಹೇಬ ಗಣಿಗೇ ಬಂದ. ಬಂಡೆಯಲ್ಲಿ ಕೊರೆದು ಮದ್ದು ತುಂಬುವ ಆರು ಕುಳಿಯ ಬದಲು ಹನ್ನೆರಡನ್ನು ಒಟ್ಟಿಗೇ ಸಿಡಿಸಬೇಕಂತೆ. ಊರಿಗೆ ಏನೂ ಆಗುವುದಿಲ್ಲ ತಾನೇ ಎಂದು ಮೇಸ್ತ್ರಿಯ ಬಾಯಲ್ಲಿ ಕೇಳಿಸಿದ. ಪುಣ್ಯಾತ್ಮ, ಅವನನ್ನು ಬೈಯಲೂ ಬಾಯಿಲ್ಲ ನನಗೆ. ಹಿಂದಿನ ದಿನ ಚೊಂಬಿನಿಂದ ಒಂದು ಹನಿಯೂ ತುಳುಕಿರಲಿಲ್ಲ.

“ಏನೂ ಆಗಲ್ಲ ಸಾಮಿ” ಎಂದೆ.

ಹನ್ನೆರಡು ಬತ್ತಿಗೂ ಬೆಂಕಿ ಇಟ್ಟು, ಕೆಂಪು ಬಾವುಟದ ಹಿಂದಕ್ಕೆ ಓಡಿ ಬಂದೆ. ಅಲ್ಲಿ ಜೊತೆಗಾರ ವಾಜಿದ್ ಇದ್ದ. ಬುತ್ತಿ ತಂದಿದ್ದ ನನ್ನ ಹೆಂಡತಿ ಆಂಜನಮ್ಮ ಕಲ್ಲಿನ ಮೇಲೆ ಕುಳಿತಿದ್ದಳು.

“ಸಂಜೆ ಒಸಿ ಮಣ್ಣು ಕಲಸ್ಕೊಡಿ. ಶಾಂತಕುಮಾರಿ ಮಲಗಿರೋ ಕೋಣೆ ಗೋಡೆ ನಿನ್ನೆ ಸಿಡಿತಕ್ಕೆ ಬಿರುಕು ಬಿಟ್ಟೈತೆ, ಕೈ ತೂರತ್ತೆ.”

“ನಿನ್ನೇನೇ ಯಾಕೆ ಹೇಳ್ಲಿಲ್ಲ?”

“ಬಾಣಂತಿ ಕೋಣೆ ಸಮಾಚಾರ ಗಂಡಸ್ರಿಗ್ಯಾಕೆ ಅಂತ...”

ಮಗಳು ಶಾಂತಕುಮಾರಿ ಹೆತ್ತು ಒಂಬತ್ತು ದಿನ. ಹನ್ನೊಂದಕ್ಕೆ ಪುರುಡು ಕಳೆಯುವವರೆಗೆ ನಾನು ಆ ಕೋಣೆಗೆ ಕಾಲಿಡುವಂತಿರಲಿಲ್ಲ. ನನ್ನ ಹೊಸ್ತಿಲು ಕೂತಿರುವುದು ಬಂಡೆಯ ಮೇಲೆ. ಹಿಂದಿನ ಆ ಕೋಣೆಯನ್ನು ಹಳೆಯ ಬಾವಿ ಮುಚ್ಚಿ ಕಟ್ಟಿದವನು ನಾನೇ. ತುಂಬಿದ ಮಣ್ಣು ಬಂಡೆಗಿಂತ ಹೆಚ್ಚು ನಡುಗುತ್ತದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವೇ? ಮೂವತ್ತು ವರ್ಷ ಇದೇ ಕೆಲಸ ಮಾಡಿದ ಮುಠ್ಠಾಳ ನಾನು.

ಮನೆಯ ದಾರಿ ಗಣಿಯ ಅಂಚಿನಲ್ಲೇ ಹೋಗುತ್ತಿತ್ತು. ಓಡಲು ಹೊರಟವನನ್ನು ವಾಜಿದ್ ಸೊಂಟ ಹಿಡಿದು ಕೆಡವಿದ.

“ಬೇಡಣ್ಣಾ, ಬತ್ತಿ ಹತ್ಕೊಂಡ್ಬಿಟ್ಟೈತೆ! ನೀವೂ ಸಾಯ್ತೀರ!”

ಎರಡು ನಿಮಿಷದ ಬತ್ತಿ. ಕತ್ತರಿಸಿದವನು ನಾನೇ. ಆಂಜನಮ್ಮ ಮಗಳ ಹೆಸರು ಹಿಡಿದು ಕೂಗುತ್ತಲೇ ಇದ್ದಳು. ಅಷ್ಟು ದೂರಕ್ಕೆ ಅದು ಕೇಳುವಂತಿರಲಿಲ್ಲ. ನಾನು ನೆಲದ ಮೇಲೆ ಬಿದ್ದಲ್ಲೇ ದೇವರನ್ನು ಬೇಡಿದೆ, ಬೈದೆ, ಮತ್ತೆ ಬೇಡಿದೆ. ಹನ್ನೆರಡೂ ಒಟ್ಟಿಗೇ ಸಿಡಿದವು.

ಕುಸಿದ ಗೋಡೆಯಡಿ ಸಿಕ್ಕಿದ್ದ ಶಾಂತಕುಮಾರಿ ಬದುಕಿಕೊಂಡಳು; ಮಗುವಿಗೆ ಉಸಿರಿರಲಿಲ್ಲ. ಮೊಮ್ಮಗನ ಮುಖವನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ, ಆಂಜನಮ್ಮ ಸೆರಗಿನಿಂದ ಮಣ್ಣು ಒರೆಸಿ ನನ್ನ ಕೈಗೆ ಕೊಟ್ಟಾಗ.