ನಡುವಿನ ಅಳತೆಯ ಸೈಕಲ್ಲು

"ಸೈಕಲ್ ಯಾರಿಗೆ?" ಎಂದು ಅಂಗಡಿಯವನು ಕೇಳಿದಾಗ ಇಬ್ಬರೂ ಒಟ್ಟಿಗೇ ಬಾಯಿ ತೆರೆದರು. ಅವಳದು ತೆರೆದು ಮುಚ್ಚಿಕೊಂಡಿತು.

"ಇಬ್ಬರಿಗೂ," ಎಂದ ಗಂಡ.

ಅಂಗಡಿಯವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಅವಳನ್ನು. ಅವಳನ್ನು ನೋಡಿ ಮುಗಿಸಲು ಅಷ್ಟು ಹೊತ್ತು ಬೇಕಾಗಲಿಲ್ಲ.

"ಹಾಗಾದ್ರೆ ಎರಡು ಸೈಕಲ್."

"ಅಲ್ಲಲ್ಲ, ಒಂದೇ. ಇಬ್ರೂ ಓಡಿಸೋ ಹಾಗೆ ಇರ್ಬೇಕು."

"ಅದು ಹೇಗೆ ಸರ್? ನೀವು ನೋಡಿದ್ರೆ ದೀಪದ ಕಂಬ, ಮೇಡಂ ನೋಡಿದ್ರೆ..." ಅವಳ ಮುಖ ನೋಡಿ ಉಳಿದ ಮಾತನ್ನು ನುಂಗಿಕೊಂಡ.

ಅವಳಿಗೆ ನಗು ಬಂತು. ಗಂಡ ನಗದೇ ಇದ್ದುದರಿಂದ ಅರ್ಧ ನಕ್ಕು ಬಿಟ್ಟಳು.

ಸೈಕಲ್ಲಿನ ಆಸೆ ಹುಟ್ಟಿದ್ದು ಅವಳಲ್ಲಿ. ಭೂಮಾಪನದ ಕಚೇರಿಯಲ್ಲಿ ಅವಳಿಗೆ ನಕ್ಷೆ ತಿದ್ದುವ ಕೆಲಸ. ಟಾರು ರಸ್ತೆಗೆ ಗಟ್ಟಿ ಗೆರೆ, ಮಣ್ಣುದಾರಿಗೆ ಚುಕ್ಕೆಗೆರೆ. ಊರಿನ ನೀರಿನ ಟ್ಯಾಂಕಿನ ಹಿಂದಿನಿಂದ ಹೊರಡುವ ಒಂದು ಚುಕ್ಕೆಗೆರೆ ಕಲ್ಲುಕ್ವಾರಿಯ ಅಂಚು ಬಳಸಿ, ಗುಡ್ಡದ ಸೊಂಟ ಹಿಡಿದು, ಹಾಳೆಯ ಅಂಚು ದಾಟಿ ಹೋಗಿಬಿಡುತ್ತಿತ್ತು. ಪಕ್ಕದ ಹಾಳೆ ಅವಳ ಮೇಜಿಗೆ ಎಂದೂ ಬರಲಿಲ್ಲ. ಕೇಳಿದ್ದರೆ ಯಾರಾದರೂ ತೋರಿಸುತ್ತಿದ್ದರು. ಅವಳು ಕೇಳಲಿಲ್ಲ. ನೋಡಿದರೆ ಅಲ್ಲಿಗೆ ಮುಗಿದುಹೋಗುತ್ತದೆ, ಹೋದರೆ ಮಾತ್ರ ಗೊತ್ತಾಗುತ್ತದೆ ಎಂದು ಅನ್ನಿಸುತ್ತಿತ್ತು. ಹೋಗುವುದಾದರೆ ಒಬ್ಬಳೇ.

ಊಟದ ಹೊತ್ತಿನಲ್ಲಿ ಒಮ್ಮೆ "ನನಗೊಂದು ಸೈಕಲ್ ಬೇಕು ಅನ್ನಿಸ್ತಿದೆ ಕಣ್ರೀ" ಎಂದಿದ್ದಳು. ಅವನು ಮುಖ ಅರಳಿಸಿ, "ಒಳ್ಳೇ ಯೋಚನೆ. ಇಬ್ರಿಗೂ ವ್ಯಾಯಾಮ ಆಗುತ್ತೆ" ಎಂದಿದ್ದ. ಅವಳು ತಟ್ಟೆ ತೊಳೆದಿಡುವಷ್ಟರಲ್ಲಿ ಆಸೆ ಜಂಟಿ ಖಾತೆಗೆ ಜಮೆಯಾಗಿತ್ತು.

ಅವನು ಕೆಟ್ಟವನಲ್ಲ. ಅವಳ ತೊಂದರೆಯೇ ಅದು. ಯಾರ ಮುಂದೆ ಹೇಳಿಕೊಳ್ಳಲೂ ಒಂದು ದೂರು ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಇಬ್ಬರೂ ಕೂತು ಒಪ್ಪಿಕೊಂಡದ್ದು: ಯಾರ ಇಷ್ಟವೂ ಪೂರ್ತಿ ನಡೆಯಬಾರದು, ಯಾರದೂ ಪೂರ್ತಿ ತಪ್ಪಬಾರದು. ಹಾಗಾಗಿ ಮನೆಯಲ್ಲಿ ದಿಂಬು ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ. ಚಹಾಕ್ಕೆ ಹಾಕುವ ಸಕ್ಕರೆ ಅವಳ ನಾಲಗೆಗೆ ಹೆಚ್ಚು, ಅವನ ನಾಲಗೆಗೆ ಕಡಿಮೆ. ಗೋಡೆಗೆ ಇಬ್ಬರೂ ಕೇಳದ ಬಣ್ಣ. "ನಮ್ಮನೇಲಿ ಜಗಳ ಅನ್ನೋದೇ ಇಲ್ಲ" ಎಂದು ಅವನು ನೆಂಟರ ಮುಂದೆ ಹೇಳುತ್ತಿದ್ದ. ನಿಜ. ಜಗಳವಾಡಲು ಯಾರಾದರೂ ಒಬ್ಬರು ಮನೆಯಲ್ಲಿರಬೇಕಲ್ಲ.

"ಎಲ್ಲಿ ಓಡಿಸ್ತೀರಿ?" ಅಂಗಡಿಯವನು ಕೇಳಿದ.

"ಎಲ್ಲಾ ಕಡೆ ಸ್ವಲ್ಪ ಸ್ವಲ್ಪ," ಗಂಡನೇ ಉತ್ತರಿಸಿದ. "ಟಾರು, ಮಣ್ಣು, ಜಲ್ಲಿ. ಅಂಥಾ ಸಾಹಸ ಏನಿಲ್ಲ."

"ಗುಡ್ಡ?"

"ಗುಡ್ಡ ಯಾಕೆ?" ಎಂದ ಗಂಡ.

ಅವಳು ಬ್ರೇಕಿನ ತಂತಿ ನೋಡುತ್ತ ನಿಂತಿದ್ದಳು.

"ಗುಡ್ಡದ ಸೈಕಲ್ ತಗೊಂಡೋರಲ್ಲಿ ಅರ್ಧ ಜನ ಹಾಲು ತರೋಕೆ ಹೋಗ್ತಾರೆ ಬಿಡಿ ಸರ್," ಎಂದು ಅಂಗಡಿಯವನು ನಕ್ಕ. "ಹಿಂದೆಯೂ ಶಾಕ್ ಅಬ್ಸಾರ್ಬರ್ ಇರೋದು ಬೇಡ. ಈ ದರಕ್ಕೆ ಸಿಗೋದು ಬರೀ ಭಾರ. ಮುಂದೆ ಶಾಕ್, ಎರಡೂ ಕಡೆ ಡಿಸ್ಕ್ ಬ್ರೇಕ್, ಟೈರಿಗೆ ಹದವಾದ ಹಲ್ಲು. ಸಾಕು. ಉಳಿದಿದ್ದೆಲ್ಲ ಬಣ್ಣ. ಆದ್ರೆ ಫ್ರೇಮಿನ ಅಳತೆ ಮಾತ್ರ ಮೈಗೆ ಸರಿ ಇರ್ಬೇಕು. ಮೇಡಂ, ಈ ಚಿಕ್ಕದನ್ನ ಒಂದು ಸುತ್ತು ಓಡಿಸಿ ನೋಡಿ."

ಅಂಗಡಿಯ ಹಿಂದೆ ಮನೆ ಕಟ್ಟದೆ ಬಿಟ್ಟ ಖಾಲಿ ನಿವೇಶನವಿತ್ತು. ಜಲ್ಲಿ, ಒಡೆದ ಇಟ್ಟಿಗೆ, ಯಾರೋ ಸುರಿದು ಹೋದ ಮಣ್ಣು. ಅವಳು ಹತ್ತಿ ಕೂತಳು. ಕಾಲು ನೆಲಕ್ಕೆ ಎಟುಕಿತು, ಕೈ ಹ್ಯಾಂಡಲಿಗೆ ಎಟುಕಿತು. ಎಟುಕುವುದು ಇಷ್ಟು ಸುಲಭವೆಂದು ಅವಳಿಗೆ ಗೊತ್ತಿರಲಿಲ್ಲ. ಜಲ್ಲಿಯ ಮೇಲೆ ಚಕ್ರ ಕರಕರ ಎಂದಿತು. ಗೇರು ಇಳಿಸಿ ಮಣ್ಣಿನ ದಿಬ್ಬ ಹತ್ತಿದಳು. ಇಳಿಯುವಾಗ ಬಾಯಿಂದ ಸಣ್ಣ ಕೂಗು ಹೊರಟಿತು. ಅದು ತನ್ನದೇ ದನಿಯೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

ನಿವೇಶನದ ಆಚೆಗೆ ಬೇಲಿ ಮುರಿದ ಸಂದಿಯಿತ್ತು. ಸಂದಿಯಾಚೆ ರಸ್ತೆ. ಅಲ್ಲಿ ಬ್ರೇಕು ಹಿಡಿದಳು. ಬ್ರೇಕು ಚೆನ್ನಾಗಿತ್ತು.

"ಹೇಗಿದೆ?" ಗಂಡ ಕೇಳಿದ.

"ಪರವಾಗಿಲ್ಲ."

"ಚಿಕ್ಕದಾಯ್ತಲ್ವಾ? ನನ್ನ ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತೆ."

"ಹೌದು. ನಿಮಗೆ ಬಡಿಯುತ್ತೆ."

ಅವನು ನಡುವಿನ ಅಳತೆಯದನ್ನು ಹೊರಗೆ ತಂದ. ಮೊದಲು ತಾನು ಕೂತ. ಮೊಣಕಾಲುಗಳು ಅಗಲವಾಗಿ ಹೊರಚಾಚಿದವು. ಒಂದು ಸುತ್ತು ಹೊಡೆದು ಬರುವಷ್ಟರಲ್ಲಿ ಅವನ ಮುಖದಲ್ಲಿ ತ್ಯಾಗದ ಕಳೆ ಬಂದಿತ್ತು. "ನನಗೆ ಪೂರ್ತಿ ಸರಿ ಇಲ್ಲ. ಆದ್ರೂ ಅಡ್ಡಿಯಿಲ್ಲ. ಈಗ ನೀನು."

ಅವಳು ಕಾಲು ದಾಟಿಸಿ ನಿಂತಳು. ಹೆಬ್ಬೆರಳಿನ ತುದಿಯಷ್ಟೇ ನೆಲ ಮುಟ್ಟುತ್ತಿತ್ತು. ಹ್ಯಾಂಡಲು ಯಾರೋ ದೂರ ಹಿಡಿದು ಆಟವಾಡಿಸುತ್ತಿರುವಂತೆ ಮುಂದಿತ್ತು.

"ಇಬ್ಬರಿಗೂ ಆಗ್ಲಿ ಅಂತ ತಗೊಂಡ್ರೆ ಇಬ್ಬರಿಗೂ ಆಗಲ್ಲ ಸರ್. ವ್ಯಾಪಾರಿ ಬಾಯಲ್ಲಿ ಈ ಮಾತು ಬರಬಾರದು, ಆದ್ರೂ ಹೇಳ್ತಿದ್ದೀನಿ."

"ಸೀಟು ಏರಿಸಿ ಇಳಿಸ್ಕೋಬಹುದಲ್ಲ?"

"ಸೀಟು ಇಳಿಯುತ್ತೆ. ಫ್ರೇಮ್ ಎಲ್ಲಿ ಇಳಿಯುತ್ತೆ?"

ಗಂಡ ಅವಳ ಕಡೆ ತಿರುಗಿದ. "ನೀನೇ ಹೇಳು. ನಿಂಗೆ ಏನನ್ನಿಸುತ್ತೆ? ಬೇಕಾದ್ರೆ ಚಿಕ್ಕದೇ ತಗೋಳೋಣ. ನಾನು ಓಡಿಸದಿದ್ರೂ ಆಯ್ತು."

ನಿಜವಾಗಿಯೂ ಕೇಳಿದ. ಬೇಕೆಂದರೆ ಕೊಡಿಸುತ್ತಿದ್ದ. ಆಮೇಲೆ ನೆಂಟರ ಮುಂದೆ ಅದನ್ನೂ ಹೇಳುತ್ತಿದ್ದ. ಇಲ್ಲ, ಹೇಳುತ್ತಿರಲಿಲ್ಲ, ಸುಮ್ಮನಿರುತ್ತಿದ್ದ. ಅದು ಇನ್ನೂ ಕಷ್ಟ.

ಅಷ್ಟರಲ್ಲಿ ಅಕ್ಕನ ಫೋನು. "ಎಲ್ಲಿದ್ದೀಯೇ?"

"ಸೈಕಲ್ ನೋಡೋಕೆ ಬಂದಿದ್ದೀವಿ."

"ಯಾರ ಮಕ್ಕಳಿಗೆ?"

"ನಮಗೇ ಕಣೇ."

"ಅಯ್ಯೋ, ಮೊದಲು ತೊಟ್ಟಿಲು ತಗೊಳ್ರೇ! ಗಾಲಿ ಇರೋದೇ ಬೇಕಿದ್ರೆ ಅದಕ್ಕೂ ಹಾಕಿಸಿ ಕೊಡ್ತಾರೆ."

"ಆಮೇಲೆ ಫೋನ್ ಮಾಡ್ತೀನಿ ಅಕ್ಕ." ಫೋನು ಚೀಲಕ್ಕೆ ಹಾಕಿದಳು. ಗಂಡ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ.

"ಇದೇ ಇರಲಿ," ಎಂದಳು. "ಅಭ್ಯಾಸ ಆಗುತ್ತೆ."

ಹೇಳಿದ ಮೇಲೆ, ಯಾರೂ ತನ್ನನ್ನು ಒತ್ತಾಯಿಸಲಿಲ್ಲ ಎಂಬುದು ಹೊಳೆಯಿತು.

ಮನೆಯ ದಾರಿಯಲ್ಲಿ "ನೀನು ಓಡಿಸು" ಎಂದ. "ನೀವೇ ಓಡ್ಸಿ" ಎಂದಳು. "ನೀನು ನಡೀತಾ ನಾನು ಓಡಿಸಿದ್ರೆ ಚೆನ್ನಾಗಿರಲ್ಲ." "ನನಗೂ ಹಾಗೇ." ಕೊನೆಗೆ ಇಬ್ಬರೂ ಹ್ಯಾಂಡಲಿನ ಒಂದೊಂದು ಕಡೆ ಹಿಡಿದು, ಆಸ್ಪತ್ರೆಯಿಂದ ಯಾರನ್ನೋ ಕರೆದುಕೊಂಡು ಬರುವವರ ಹಾಗೆ, ಅದನ್ನು ನಡೆಸಿಕೊಂಡು ಬಂದರು. ಎದುರಿಗೆ ಬಂದವರು ದಾರಿ ಬಿಟ್ಟರು.

ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸೈಕಲ್ಲು ಉದ್ದಕ್ಕೆ ಹಿಡಿಸಲಿಲ್ಲ. ಅವನು ಅದನ್ನು ಹಿಂದಿನ ಚಕ್ರದ ಮೇಲೆ ಎತ್ತಿ ನಿಲ್ಲಿಸಿ ಮೂಲೆಗೆ ಒತ್ತಿಕೊಂಡ. ಮುಂದಿನ ಚಕ್ರದ ಕಡ್ಡಿಗಳ ಹಿಂದೆ ಅವನ ಮುಖ ತುಂಡುತುಂಡಾಗಿ ಕಂಡಿತು.

"ಬಾ, ಹೊಟ್ಟೆ ಒಳಗೆ ಎಳ್ಕೊಂಡ್ರೆ ಜಾಗ ಆಗುತ್ತೆ."

"ನೀವು ಹೋಗಿ. ಮೆಟ್ಟಿಲು ಹತ್ತಿ ಬರ್ತೀನಿ."

ಬಾಗಿಲು ಮುಚ್ಚಿತು. ಅವಳು ಮೊದಲ ತಿರುವು ಹತ್ತುವಷ್ಟರಲ್ಲಿ ಕರೆಂಟು ಹೋಗಿ ಲಿಫ್ಟು ನಡುವೆಯೇ ನಿಂತಿತು. ಹೊರಗೆ ಇನ್ನೂ ಬೆಳಕಿತ್ತು; ಮೆಟ್ಟಿಲುಗಳಿಗೆ ಕಿಟಕಿ ಇರಲಿಲ್ಲ.

ಗೋಡೆಯೊಳಗಿನಿಂದ ಅವನ ದನಿ ಬಂತು. "ಎಲ್ಲಿದ್ದೀಯಾ?"

"ಇಲ್ಲೇ."

"ಮೇಲಾ, ಕೆಳಗಾ?"

ತಾನು ಅವನಿಗಿಂತ ಮೇಲಿದ್ದೇನೋ ಕೆಳಗಿದ್ದೇನೋ ಅವಳಿಗೆ ತಿಳಿಯಲಿಲ್ಲ. ಮುಂದಿಟ್ಟ ಕಾಲನ್ನು ಹಾಗೇ ಮೇಲಿನ ಮೆಟ್ಟಿಲ ಮೇಲೆ ಬಿಟ್ಟು ನಿಂತಳು. ಇಳಿದರೆ ಬೀದಿ, ಹತ್ತಿದರೆ ಮನೆ. ಯಾರೂ ನೋಡುತ್ತಿರಲಿಲ್ಲ.

ಒಳಗೆ ಅವನ ಕೈಗೆ ಬೇರೆ ಕೆಲಸವಿರಲಿಲ್ಲವೇನೋ, ಚಕ್ರವನ್ನು ತಟ್ಟಿ ತಿರುಗಿಸಿದ. ಸುರ್ರೆಂದು ತಿರುಗಿ, ನಿಧಾನವಾಗಿ, ನಿಂತಿತು. ಮತ್ತೆ ತಟ್ಟಿದ. ಎರಡು ಅಂತಸ್ತುಗಳ ನಡುವೆ, ಕತ್ತಲೆಯ ಪೆಟ್ಟಿಗೆಯಲ್ಲಿ, ಯಾವ ನೆಲವನ್ನೂ ಮುಟ್ಟದೆ ಹೊಸ ಚಕ್ರ ಓಡತೊಡಗಿತು.