ಹನ್ನೊಂದು ಸೆಕೆಂಡಿನ ತುಣುಕು

ಆ ವಿಡಿಯೊ ಇರುವುದು ಹನ್ನೊಂದೇ ಸೆಕೆಂಡು. "ವಲಸೆ ಬಂದವರು ರೋಗ ತರುತ್ತಾರೆ, ಓಡಿಸಿ" ಎಂದು ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೇನೆ. ನಿಜಕ್ಕೂ ಓದುತ್ತಿದ್ದೆ. ಸುಳ್ಳು ಪೋಸ್ಟೊಂದನ್ನು ಗಟ್ಟಿಯಾಗಿ ಓದಿ, ಅದರ ಸುಳ್ಳನ್ನು ವಿದ್ಯಾರ್ಥಿಗಳಿಂದಲೇ ಹುಡುಕಿಸುವುದು ನನ್ನ ಪಾಠದ ಕ್ರಮ. ಅಮೆರಿಕದ ರಾಕ್‌ವಿಲ್ ಹತ್ತಿರದ ಕಾಲೇಜಿನಲ್ಲಿ ಆರು ವರ್ಷದಿಂದ ಮಾಧ್ಯಮ ಸಾಕ್ಷರತೆ ಕಲಿಸುತ್ತಿದ್ದೆ. ತರಗತಿಯಲ್ಲಿ ಯಾರೋ ಹಿಂದುಮುಂದು ಬಿಟ್ಟು ಅಷ್ಟನ್ನೇ ಫೋನಿನಲ್ಲಿ ಹಿಡಿದು ಹಂಚಿದ್ದರು; ಕಾಲೇಜಿಗೆ ದೂರೂ ಹೋಗಿತ್ತು. ನನ್ನ ಕೆಲಸ ಕಾಯಂ ಆಗುವ ತೀರ್ಮಾನಕ್ಕೆ ಮೂರು ವಾರವಿತ್ತು.

ಸಾಕ್ಷಿ ಹೇಳುತ್ತೇವೆಂದ ಮೂವರು ವಿದ್ಯಾರ್ಥಿಗಳು ಆಮೇಲೆ ಫೋನ್ ಎತ್ತಲಿಲ್ಲ. ಶುಕ್ರವಾರ ಐದು ಗಂಟೆಯೊಳಗೆ ತರಗತಿಯ ಪೂರ್ತಿ ರೆಕಾರ್ಡಿಂಗ್ ಕೊಡಿ, ದೂರು ಕೊಟ್ಟವರಿಗೂ ತೋರಿಸುತ್ತೇವೆ ಎಂದು ಡೀನ್ ಬರೆದರು.

ರೆಕಾರ್ಡಿಂಗ್ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ನನ್ನ ಪಾಠವನ್ನು ನಾನೇ ಕೇಳಿ ತಿದ್ದಿಕೊಳ್ಳಲು ಇಟ್ಟುಕೊಳ್ಳುತ್ತಿದ್ದೆ. ಹೊರಗೆ ಹೋಗುವುದಿಲ್ಲ ಎಂದು ತರಗತಿಗೆ ಮೊದಲ ದಿನವೇ ಮಾತು ಕೊಟ್ಟಿದ್ದೆ. ಅದರ ಇಪ್ಪತ್ತನೇ ನಿಮಿಷದಲ್ಲಿ ಹರಿಣಿ ಎದ್ದು ನಿಂತು, ತಾನು ಹೋಗಿದ್ದ ಪ್ರತಿಭಟನೆಯ ಬಗ್ಗೆ ಹೇಳುತ್ತಾಳೆ. ಮೈಸೂರಿನ ಹುಡುಗಿ, ವಿದ್ಯಾರ್ಥಿ ವೀಸಾ. ಅಂಥವರ ವೀಸಾ ರದ್ದಾಗುತ್ತಿದ್ದ ಸುದ್ದಿ ಆ ಏಪ್ರಿಲಿನಲ್ಲಿ ದಿನಾ ಬರುತ್ತಿತ್ತು.

"ಆ ಹುಡುಗಿ ಪಾರ್ಟ್ ಕಟ್ ಮಾಡಿ ಕಳ್ಸು. ಎರಡು ನಿಮಿಷದ ಕೆಲ್ಸ," ಎಂದರು ನನ್ನ ಗಂಡ ಗುರುದತ್.

"ಕಟ್ ಮಾಡಿದ್ದನ್ನ ಪೂರ್ತಿ ಅಂತ ಕಳ್ಸೋದಾ?"

"ಹಾಗಾದ್ರೆ ರೆಕಾರ್ಡಿಂಗೇ ಇಲ್ಲ ಅನ್ನು. ಸತ್ಯ ಹರಿಶ್ಚಂದ್ರನ ಮೊಮ್ಮಗಳು! ನಮ್ಮಿಬ್ಬರ ವೀಸಾನೂ ನಿನ್ನ ಕೆಲ್ಸದ ಮೇಲೇ ನಿಂತಿದೆ, ಗೊತ್ತಲ್ಲ?"

ಗೊತ್ತಿತ್ತು.

ಶುಕ್ರವಾರ ಮಧ್ಯಾಹ್ನ ಹರಿಣಿ ಫೋನ್ ಮಾಡಿದಳು. ಕ್ಲಾಸಿನಲ್ಲಿ ನಾನು ಪ್ರೊಫೆಸರ್, ಫೋನಿನಲ್ಲಿ ಆಂಟಿ.

"ಆಂಟಿ, ಅದು ನಿಮ್ಮತ್ರ ಮಾತ್ರ ಇದೆ ಅಲ್ವಾ?"

"ಹೂಂ."

"ಇನ್ನು ಯಾರತ್ರಾನೂ...?"

"ಇಲ್ಲಮ್ಮ."

ಅವಳು ಬೇರೇನೂ ಕೇಳಲಿಲ್ಲ. ನಾಲ್ಕೂಮುಕ್ಕಾಲಿಗೆ ಡೀನ್‌ಗೆ ಒಂದೇ ಸಾಲು ಬರೆದೆ: ರೆಕಾರ್ಡಿಂಗ್ ಇದೆ, ಕೊಡಲಾರೆ. ಕಳಿಸಿದ ನಂತರ ಲ್ಯಾಪ್‌ಟಾಪಿನಿಂದ ರೆಕಾರ್ಡಿಂಗನ್ನು ಅಳಿಸಿದೆ.

ಮುಂದಿನ ಸೆಮಿಸ್ಟರಿಗೆ ನನಗೆ ತರಗತಿಗಳಿಲ್ಲ ಎಂಬ ಪತ್ರ ಬಂದ ವಾರವೇ ತುಣುಕು ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿಗೂ ಬಂತು. ಅರ್ಧ ಗಂಟೆ ಯೋಚಿಸಿ, "ಇದು ಪೂರ್ತಿ ಅಲ್ಲ" ಎಂದಷ್ಟೇ ಹಾಕಿದೆ. ಓದಿದವರ ಪಟ್ಟಿ ಉದ್ದವಾಗುತ್ತಾ ಹೋಯಿತು. ಅದರಲ್ಲಿ ಹರಿಣಿಯ ಹೆಸರೂ ಇತ್ತು. ಉತ್ತರ ಕೊಟ್ಟವರು ಗೈದರ್ಸ್‌ಬರ್ಗಿನ ಜಯಾ ಆಂಟಿ ಒಬ್ಬರೇ.

"ಹಾಗಾದ್ರೆ ಪೂರ್ತಿದು ಹಾಕಮ್ಮ, ನೋಡೋಣ."