ಸೋಸಿದ ನೀರಿನ ಪಾಠ

೧೯೮೮ರಲ್ಲಿ ಶೇಡಬಾಳದ ಒಂದು ಹೈಸ್ಕೂಲಿನಲ್ಲಿ ನನ್ನ ಬಿ.ಎಡ್. ಪಾಠ ಪರೀಕ್ಷೆ. ಹಿಂದಿನ ವರ್ಷ ಪರೀಕ್ಷಕರ ಮುಂದೆ ಬಾಯಿ ಒಣಗಿ ನಪಾಸಾಗಿದ್ದೆ. ಈ ಸಲವೂ ಕೆಟ್ಟರೆ ನಮ್ಮೂರು ಐಗಳಿಯಲ್ಲಿ ನನಗೆಂದು ತಡೆದಿಟ್ಟ ವಿಜ್ಞಾನ ಮಾಸ್ತರಿಕೆ ಬೇರೆಯವರ ಪಾಲಾಗುತ್ತಿತ್ತು.

ಪಾಠ, ನೀರಿನೊಳಗಿನ ಸಣ್ಣ ಜೀವಿಗಳದು. ಹಿಂದಿನ ದಿನವೇ ಹಳ್ಳದ ನೀರು ಬಾಟಲಿಯಲ್ಲಿ ತಂದು ಬಾಡಿಗೆ ಕೋಣೆಯ ಕಿಟಕಿಯಲ್ಲಿಟ್ಟಿದ್ದೆ. ಬೆಳಿಗ್ಗೆ ಹೊರಟಾಗ ಮನೆಯೊಡತಿ ಕಾಶಿಬಾಯಿ, ಜೈನರ ಮುದುಕಿ, ಏನೋ ಹೇಳಿದರು. ಬಾಯಲ್ಲಿ ಪಾಠ ಉರು ಹೊಡೆಯುತ್ತಿದ್ದ ನಾನು ‘ಹೂಂ ಆಯೀ’ ಎಂದು ನಡೆದೆ.

ತರಗತಿಯಲ್ಲಿ ಹನಿ ಹಾಕಿ, ಸೂಕ್ಷ್ಮದರ್ಶಕ ಸರಿಪಡಿಸಿ, ಮುಂದಿನ ಸಾಲಿನ ಸುಂದರಾಳನ್ನು ಕರೆದೆ.

“ಏನೂ ಕಾಣವಲ್ದ್ರಿ ಸರ್.”

ನಾನೂ ನೋಡಿದೆ. ಹುಳುವಿಲ್ಲ, ಹುಪ್ಪಟೆಯಿಲ್ಲ. ಹಿಂದೆ ಕೂತ ಪರೀಕ್ಷಕರು ಗಡಿಯಾರ ನೋಡಿಕೊಂಡರು. ಆಗ ಕಾಶಿಬಾಯಿ ಬೆಳಿಗ್ಗೆ ಹೇಳಿದ ಮಾತು ಕಿವಿಗೆ ಬಂತು: “ಇಂಥಾ ಗಲೀಜ್ ನೀರ ಕುಡೀತಿಯೇನೋ ತಮ್ಮಾ? ಎರಡ ಮಡಿಕಿ ಅರಿವ್ಯಾಗ ಸೋಸಿಟ್ಟೀನಿ. ಅದರಾಗಿನ ಜೀವಾ ಹಳ್ಳಕ್ಕ ಬಿಟ್ಟ ಬಂದೀನಿ.”

ಸಿಟ್ಟು ನೆತ್ತಿಗೇರಿತು, ಅವರ ಮೇಲಲ್ಲ, ‘ಹೂಂ’ ಎಂದ ನನ್ನ ಮೇಲೆ. ಕಿಟಕಿಯಾಚೆ ಶಾಲೆಯ ಜವಾನ ಜಿನ್ನಪ್ಪ ಬಾವಿಯ ನೀರು ಸೇದಿ ಅರಿವೆಯಲ್ಲಿ ಹಂಡೆಗೆ ಸೋಸುತ್ತಿದ್ದ. ಚಪ್ಪಟೆ ಗಾಜಿನ ಬಟ್ಟಲು ಹಿಡಿದು ಓಡಿದೆ.

“ಆ ಅರಿವಿ ಇದರಾಗ ತೊಳೀರಿ.”

“ಜೀವ ಸಾಯ್ತಾವ್ರಿ ಸರ್. ಬಾವಿಗಿ ಬಿಡಬೇಕ್ರಿ.”

“ನಾನ ಬಿಡ್ತೀನ್ರಿ. ಒಂದೂ ಸಾಯಾಕ ಕೊಡಂಗಿಲ್ಲ.”

ಅವನು ಅರಿವೆ ತೊಳೆದುಕೊಟ್ಟ ಬಟ್ಟಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದೇ ತಡ, ಸುಂದರಾ ಕಿರುಚಿದಳು: “ಜಿಗ್ಯಾಕತ್ತಾವ್ರಿ ಸರ್!” ಹುಡುಗರು ಮೈಮೇಲೆ ಬಿದ್ದರು. ಮನೆಯಲ್ಲಿ ನೀರನ್ನು ಯಾಕೆ ಸೋಸುತ್ತಾರೆಂದು ಕೇಳಿದೆ. ಅರ್ಧ ತರಗತಿ ಕೈಯೆತ್ತಿತು. ಮುಂದಿನ ಪಾಠವನ್ನು ಅವರೇ ಹೇಳಿದಂತಾಯಿತು. ಕೊನೆಗೆ ಎಲ್ಲರೂ ಹೋಗಿ ಆ ನೀರನ್ನು ಬಾವಿಗೆ ಬಿಟ್ಟೆವು. ಜಿನ್ನಪ್ಪನಿಗೆ ಸಮಾಧಾನವಾಯಿತು. ಪರೀಕ್ಷಕರು ನಕ್ಕು ಸಹಿ ಹಾಕಿದರು. ಪಾಸಾಗಿದ್ದೆ.

ಮರುದಿನ ಕಾಶಿಬಾಯಿಯನ್ನು ಶಾಲೆಗೆ ಕರೆದೊಯ್ದೆ. ಮಂಡಿನೋವಿನ ಆ ಜೀವ ನನ್ನ ಬಾಟಲಿಯ ಹುಳುಗಳಿಗಾಗಿ ಹಳ್ಳದವರೆಗೆ ನಡೆದಿತ್ತಲ್ಲ ಎಂದು ದಾರಿಯಲ್ಲಿ ಹೊಳೆದು ನಡಿಗೆ ನಿಧಾನ ಮಾಡಿದೆ. ಮತ್ತೆ ಅರಿವೆ ತೊಳೆದ ನೀರಿನ ಬಟ್ಟಲಿಟ್ಟು ಅವರನ್ನು ಸೂಕ್ಷ್ಮದರ್ಶಕಕ್ಕೆ ಬಗ್ಗಿಸಿದೆ. ತುಂಬ ಹೊತ್ತು ನೋಡಿದರು. ಕೈ ತಾನಾಗಿ ಮುಗಿಯಿತು.

“ಸಣ್ಣಾಕಿ ಇದ್ದಾಗಿಂದ ಅದಾವ ಅಂತ ನಂಬಿ ಸೋಸಾಕತ್ತಿದ್ದೆ. ಇವತ್ತ ನೀ ತೋರಿಸಿದಿ ನೋಡ, ಮಾಸ್ತರ.”

ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಸರ್ಟಿಫಿಕೇಟು ಬಂದದ್ದು ಮಳೆಗಾಲದಲ್ಲಿ. ಬಂದಾಗ ಸಂತೋಷವೇನೋ ಆಯಿತು, ಆದರೆ ನಾನು ಮಾಸ್ತರನಾದದ್ದು ಹೊಸ ಸುದ್ದಿ ಎನಿಸಲಿಲ್ಲ.